ಹಳೆಯ ದೋಣಿ, ಮಿಲ್ಲಿನ ಫೆಲ್ಟು

ಆಗಸ್ಟ್ ೩, ಭಾನುವಾರ

ದೋಣಿ ಬಂತು. ಕಾರವಾರದಿಂದ ಲಾರಿಯ ಮೇಲೆ ಘಟ್ಟ ಹತ್ತಿಸಿ ತಂದು ಮನೆಯ ಮುಂದೆ ಇಳಿಸಿದರು. ಹೊಳೆಯ ದಂಡೆಗೆ ಹೋಗುವ ಕಚ್ಚಾ ರಸ್ತೆ ಕೆಸರಾಗಿರುವುದರಿಂದ ಮಳೆ ಕಡಿಮೆಯಾಗುವವರೆಗೆ ಇಲ್ಲೇ ಇರುತ್ತದಂತೆ. ಫೈಬರಿನದು. ಹೊಟ್ಟೆ ನೀಲಿ, ಅಂಚು ಒಂದು ಕಾಲಕ್ಕೆ ಬಿಳಿ. ಮೂತಿಯ ಮೇಲೆ ಹಿಂದಿನ ಯಜಮಾನ ಬರೆಸಿದ್ದ ಹೆಸರನ್ನು ಉಜ್ಜಿ ತೆಗೆದಿದ್ದಾರೆ. ಬಂಗಡೆ ಮೀನಿನ ವಾಸನೆಯನ್ನು ಉಜ್ಜಲು ಆಗಿಲ್ಲ. ಮಧ್ಯಾಹ್ನದೊಳಗೆ ಓಣಿಯ ಬೆಕ್ಕುಗಳೆಲ್ಲ ಅದರೊಳಗೆ ಕೂತಿದ್ದವು.

ಪಕ್ಕದ ಮನೆಯ ಯಲ್ಲವ್ವ ಬಂದು ಇದನ್ನು ಎಲ್ಲಿಂದ ತಂದಿರಿ ಎಂದು ನಮ್ಮ ಮನೆಯವರನ್ನು ಕೇಳಿದಳು. ಇವರು ಆಕಾಶ ನೋಡಿ, "ಹೂಂ, ಇನ್ನೂ ಒಂದ ತಿಂಗಳ ಬರತೈತಿ" ಎಂದರು. ಅವಳು ನನ್ನ ಮುಖ ನೋಡಿ ಹೋದಳು.

ಇವರು ಕಾಗದದ ಮಿಲ್ಲಿನ ಮಷಿನ್ ಹೌಸಿನಲ್ಲಿ ಆಯುಷ್ಯವೆಲ್ಲ ದುಡಿದವರು. ಕಿವಿ ಪೂರ್ತಿ ಹೋದ ಮೇಲೆ ಹೋದ ವರ್ಷ ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡರು. ಮಾವನವರಿಗೂ ಇದೇ ವಯಸ್ಸಿಗೆ ಹೀಗೇ ಆಗಿತ್ತು. ವಂಶದಲ್ಲೇ ಬಂದದ್ದು ಎಂದರು ಧಾರವಾಡದ ಡಾಕ್ಟರರು. ಮಗಳು ಸುಮಿತಾ ಕೊಡಿಸಿದ ಕಿವಿಯ ಮಷಿನ್ ಡಬ್ಬಿಯಲ್ಲೇ ಇದೆ. ಅದರಲ್ಲಿ ಮಾತು ಬರುವುದಿಲ್ಲ, ಗದ್ದಲ ಮಾತ್ರ ಬರುತ್ತದೆ ಎನ್ನುತ್ತಾರೆ. ಮೀನಿಗೆ ಬಾಯಿಲ್ಲ, ಆದ್ದರಿಂದ ಮೀನು ಹಿಡಿಯುವವನಿಗೆ ಕಿವಿ ಬೇಕಿಲ್ಲ ಎಂಬುದು ಅವರ ಲೆಕ್ಕ. ರಜೆಯ ದಿನ ಗಾಳ ಹಾಕಿ ಕೂರುತ್ತಿದ್ದವರು ಈಗ ಪೂರ್ಣ ಮೀನುಗಾರರಾಗಲು ಹೊರಟಿದ್ದಾರೆ.

ಈ ಮನೆಯ ಮೌನ ನನಗೆ ಒಗ್ಗಿದೆ. ನನ್ನದು ಮೊದಲೇ ಸಣ್ಣ ದನಿ, ಕೂಗಿ ಹೇಳಲು ಬರುವುದಿಲ್ಲ. ಊಟದ ಹೊತ್ತಾದರೆ ತಾಟು ತೋರಿಸುತ್ತೇನೆ. ಉಳಿದ ಹೊತ್ತು ಓದು. ಈಗ ವಾಚನಾಲಯದಿಂದ ತಂದಿರುವುದು ಹಿಮ ಬೀಳುವ ದೇಶದ ಒಂದು ಕಾದಂಬರಿ, ಅನುವಾದ. ಅದರಲ್ಲಿ ಗಂಡ ಹೆಂಡತಿ ಒಂದು ಊಟ ಮುಗಿಸುವುದರೊಳಗೆ ಹತ್ತು ಪುಟ ಮಾತಾಡುತ್ತಾರೆ. ಅನುವಾದಕರು ಸೇರಿಸಿರಬಹುದು.

ಆಗಸ್ಟ್ ೫, ಮಂಗಳವಾರ

ಮೀನುಗಾರರ ಸಂಘದ ಅಧ್ಯಕ್ಷರು, ಮುದಕಪ್ಪನವರು, ದೋಣಿ ನೋಡಲು ಬಂದರು. ಸುತ್ತು ಹಾಕಿ, ತಳವನ್ನು ಬೆರಳಿನಿಂದ ಬಡಿದು, ಚಹಾ ಕುಡಿದರು. ಹೇಳಬೇಕಾದ್ದನ್ನು ನನಗೆ ಹೇಳಿದರು.

"ತಂಗಿ, ಮ್ಯಾಲಿನ ಡ್ಯಾಮಿನಿಂದ ನೀರ ಬಿಡೂಮುಂದ ಸೈರನ್ ಹೊಡೀತಾರ. ಅದನ್ನ ಕೇಳಿ ದಂಡಿಗಿ ಬರದಾಂವ ಹೊಳಿಗಿ ಇಳೀಬಾರ್ದು. ದಸರಾ ಆದಮ್ಯಾಲ ನಾನ ನಿಂತ ಪರೀಕ್ಷಾ ಮಾಡ್ತೇನಿ. ಪಾಸಾದ್ರ ಪರವಾನಗಿ, ಇಲ್ಲಂದ್ರ ಇಲ್ಲ. ನಿನ್ನ ಗಂಡ ಲಗಮಪ್ಪ ನನ್ನ ಗೆಳೆಯಾ ಅಂತನ ಇಷ್ಟ ಹೇಳಾಕತ್ತೇನಿ."

ನೀರು ಬಿಟ್ಟ ಸ್ವಲ್ಪ ಹೊತ್ತಿಗೆ ಹೊಳೆ ಬಂಡೆಗಳನ್ನು ಮುಳುಗಿಸಿಕೊಂಡು ಬರುತ್ತದೆ. ಹೋದ ಚಳಿಗಾಲ ಸೈರನ್ ಕೇಳಿಯೂ ಬಲೆ ಎಳೆಯುತ್ತ ನಿಂತವನೊಬ್ಬನನ್ನು ಕೆಳಗೆಲ್ಲೋ ಮರದ ಕೊಂಬೆಯಿಂದ ಬಿಡಿಸಿ ತಂದರಂತೆ. ಅವನ ಹರಿಗೋಲು ಸಿಗಲೇ ಇಲ್ಲ.

ಮುದಕಪ್ಪನವರು ಹೇಳಿದ್ದನ್ನು ಚೀಟಿಯಲ್ಲಿ ಬರೆದು ಇವರಿಗೆ ತೋರಿಸಿದೆ. ಓದಿ ಮಡಚಿ ಜೇಬಿಗಿಟ್ಟರು. "ಸೈರನ್ ಕೇಳತೈತಿ ನನಗ" ಎಂದರು. ಕೇಳುವುದಿಲ್ಲ. ಪಾಳಿ ಬದಲಾಗುವಾಗ ಕೂಗುವ ಮಿಲ್ಲಿನ ಭೋಂಗಾವನ್ನೂ ಗಡಿಯಾರ ನೋಡಿಯೇ "ಭೋಂಗಾ ಆತು" ಎನ್ನುತ್ತಾರೆ. ಒಮ್ಮೊಮ್ಮೆ ಗಡಿಯಾರ ಮುಂದಿರುತ್ತದೆ.

ಆಗಸ್ಟ್ ೧೦, ಭಾನುವಾರ

ಹಿತ್ತಲಿನಲ್ಲಿ ನೀರು ತುಂಬಿದ ಡ್ರಮ್ಮಿಗೆ ದೋಣಿಯ ಎಂಜಿನ್ ತೂಗುಹಾಕಿದರು, ಓಡಿಸಿ ನೋಡಲು. ಪೆಟ್ರೋಲಿಗೆ ಆಯಿಲ್ ಬೆರೆಸಿದ ಡಬ್ಬಿ ತುಕ್ಕು ಹಿಡಿದದ್ದು. ಅದಕ್ಕೆಂದು ಫೆಲ್ಟಿನ ತುಂಡಿನಲ್ಲಿ ಸೋಸಿ ಹಾಕಿದರು.

ಮಿಲ್ಲಿನ ಫೆಲ್ಟ್ ಇಲ್ಲದ ಮನೆ ಈ ಓಣಿಯಲ್ಲಿಲ್ಲ. ಹಸಿ ಕಾಗದವನ್ನು ಹೊತ್ತು ಅದರ ನೀರು ಹೀರುವ ದಪ್ಪ ಬಟ್ಟೆ ಅದು. ಹಳತಾಗಿ ಮಷಿನ್ನಿನಿಂದ ಇಳಿದ ಮೇಲೆ ಕೆಲಸಗಾರರ ಮನೆಗೆ ಬರುತ್ತದೆ. ಅದನ್ನೇ ಹಾಸುತ್ತೇವೆ, ಹೊದೆಯುತ್ತೇವೆ, ಶಾವಿಗೆ ಒಣಗಿಸುತ್ತೇವೆ. ಸುಮಿತಾಳ ತೊಟ್ಟಿಲಿನಲ್ಲೂ ಅದೇ ಇತ್ತು. ಅದರಿಂದ ಉದುರುವ ಎಳೆ, ಜುಂಗು, ನನ್ನ ಸೀರೆಗಳನ್ನು ಬಿಟ್ಟದ್ದಿಲ್ಲ.

ಹಗ್ಗ ಎಳೆದೆಳೆದು ಕೊನೆಗೆ ಎಂಜಿನ್ ಎದ್ದಿತು. ಎದ್ದ ಕೂಡಲೇ ಒಳಗಿನಿಂದ ತೆಳ್ಳಗೆ ಕಿರುಚುವ ಸದ್ದು. ಇವರು ಅಂಗೈಯನ್ನು ಎಂಜಿನ್ನಿನ ಮೇಲಿಟ್ಟು ಕಣ್ಣು ಮುಚ್ಚಿ, "ಚಲೋ ಓಡಾಕತ್ತೈತಿ" ಎಂದರು. ಇಲ್ಲ ಎಂದು ನಾನು ತಲೆ ಅಲ್ಲಾಡಿಸಿದೆ, ಇವರು ನೋಡಲಿಲ್ಲ. ಹೋಗಿ ಸಚಿನನಿಗೆ ಫೋನ್ ಮಾಡಿದೆ. ಬಸ್ ಸ್ಟ್ಯಾಂಡಿನ ಹಿಂದೆ ಗಾಡಿ ರಿಪೇರಿ ಅಂಗಡಿ ಇಟ್ಟವನು. ಬಂದು ಕೇಳಿ ಎಂಜಿನ್ ನಿಲ್ಲಿಸಿದ. ತಂಪಿಗೆಂದು ನೀರು ಎಳೆದುಕೊಳ್ಳುವ ರಬ್ಬರಿನ ಚಕ್ರ ಹರಿದಿದೆ, ದಾರಿಯಲ್ಲೆಲ್ಲ ಸಮುದ್ರದ ಉಪ್ಪು ಕಟ್ಟಿದೆ ಎಂದ. ಇನ್ನೊಂದಿಷ್ಟು ಹೊತ್ತು ಓಡಿಸಿದ್ದರೆ ಸುಟ್ಟುಹೋಗುತ್ತಿತ್ತಂತೆ.

"ಕಾಕೂ, ಇದು ಹಳೀ ಸ್ಕೂಟರ್ ಇದ್ದಂಗರೀ. ಒಂದ ಫರಕ ಅಂದ್ರ, ಕೆಟ್ಟ ನಿಂತ್ರ ಇಳದ ದೂಕಾಕ ಬರೂದಿಲ್ಲ."

ಆಗಸ್ಟ್ ೧೭, ಭಾನುವಾರ

ರಬ್ಬರ್ ಚಕ್ರ ಬಂತು. ಸಚಿನ ಹಾಕಿದ. ಎಂಜಿನ್ನಿನ ಬದಿಯ ತೂತಿನಿಂದ ನೀರು ಎಳೆಯಾಗಿ ಚಿಮ್ಮಿತು. ಹಾಗೆ ಚಿಮ್ಮಬೇಕಂತೆ.

ಈ ಸಲ ಇವರು ಅಂಗೈ ಇಟ್ಟು ಕಣ್ಣು ಮುಚ್ಚಲಿಲ್ಲ, ನನ್ನ ಮುಖ ನೋಡುತ್ತ ನಿಂತರು. ಏನೂ ಕಾಣಲಿಲ್ಲವೋ ಏನೋ, ಕೈಯಲ್ಲಿ ಏನೋ ಮಾಡಿ ತೋರಿಸಿದರು: ಅಂಗೈ ಚಪ್ಪಟೆ ಮಾಡಿ ಎದೆಯ ಮುಂದೆ ಸರಾಗವಾಗಿ ಸರಿಸಿದರು, ಆಮೇಲೆ ಬೆರಳು ಉದುರಿಸಿದರು. ನನಗೆ ತಿಳಿಯಲಿಲ್ಲ. ಆಗ ಬಾಯಲ್ಲಿ ಹೇಳಿದರು. ಮೊದಲಿನದು ಸರಿಯಾಗಿ ಓಡುತ್ತಿದೆ ಎಂದು, ಎರಡನೆಯದು ತಡವರಿಸುತ್ತಿದೆ ಎಂದು. ಮಷಿನ್ ಹೌಸಿನ ಗದ್ದಲದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲವಾದ್ದರಿಂದ ಅಲ್ಲಿಯವರೆಲ್ಲ ಹೀಗೇ ಹೇಳಿಕೊಳ್ಳುತ್ತಾರೆ. ಅದು ನನಗೆ ಗೊತ್ತಿತ್ತು. ಆದರೆ ಇವರು ಅದನ್ನು ಮನೆಗೆ ಎಂದೂ ತಂದಿರಲಿಲ್ಲ, ಬೂಟು ಹೊರಗೆ ಬಿಟ್ಟ ಹಾಗೆ ಗೇಟಿನಲ್ಲೇ ಬಿಟ್ಟು ಬರುತ್ತಿದ್ದರು.

ಅಂಗೈ ಸರಿಸಿ ತೋರಿಸಿದೆ. ಗಂಟು ಮುಖದವರು ನಕ್ಕರು.

ಆಗಸ್ಟ್ ೨೪, ಭಾನುವಾರ

ಇನ್ನೂ ನಾಲ್ಕೈದು ಕಲಿಸಿದರು. ಬೆರಳಿಗೆ ಹೆಬ್ಬೆರಳು ತಿಕ್ಕಿದರೆ ಎಣ್ಣೆ ಸಾಲದು. ಎರಡು ಮುಷ್ಟಿ ಬೇರೆ ಮಾಡಿದರೆ ಕಾಗದ ಹರಿಯಿತು. ಕೈ ತಲೆಯ ಮೇಲೆ ನೆಟ್ಟಗೆ ಎತ್ತಿದರೆ ನಿಲ್ಲಿಸು, ಇದ್ದಲ್ಲೇ ನಿಲ್ಲಿಸು. ಅದನ್ನು ಕಂಡವರು ಯಾರು ಏಕೆ ಎಂದು ಕೇಳುವ ಹಾಗಿಲ್ಲವಂತೆ.

ಕಾದಂಬರಿ ಮರಳಿಸುವ ದಿನ ದಾಟಿದೆ. ಇನ್ನೊಂದು ವಾರಕ್ಕೆ ಬರೆಸಿಕೊಂಡು ಬಂದೆ.

ಸೆಪ್ಟೆಂಬರ್ ೭, ಭಾನುವಾರ

ದೋಣಿಯನ್ನು ಟ್ರ್ಯಾಕ್ಟರಿನಲ್ಲಿ ಹೊಳೆಗೆ ಒಯ್ದರು. ನಾನು ಹೋಗಲಿಲ್ಲ. ನನ್ನ ತವರು ಬಯಲುಸೀಮೆ, ಬಾವಿಯ ನೀರು ಬಿಟ್ಟರೆ ಬೇರೆ ನೀರು ಕಂಡವಳಲ್ಲ. ಮದುವೆಯಾಗಿ ಕಾಳಿ ಹೊಳೆಯ ದಂಡೆಯ ಊರಿಗೆ ಬಂದರೂ ಅದನ್ನು ಸೇತುವೆಯ ಮೇಲಿನಿಂದಲೇ ನೋಡಿದ್ದು. ಒಂದು ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಖಣ ಇಟ್ಟು ಕಳಿಸಿದೆ. ಹೊಳೆತಾಯಿ ಗಂಗವ್ವನ ಉಡಿಗೆ.

ಮಧ್ಯಾಹ್ನ ಮುದಕಪ್ಪನವರ ಫೋನ್ ಬಂತು. ಹೊಳೆಯ ನಡುವೆ ಎಂಜಿನ್ ನಿಂತಿದೆ. ನಿಂತದ್ದು ಇವರಿಗೆ ಗೊತ್ತಾದದ್ದು ದೋಣಿ ಹಿಂದಕ್ಕೆ ಸರಿಯತೊಡಗಿದ ಮೇಲೆ. ಹುಟ್ಟು ಹಾಕಿ ದಂಡೆ ಸೇರಿದ್ದಾರೆ.

ಮನೆಗೆ ಬಂದು ಕೈಕಾಲು ತೊಳೆದರು. ನಾನು ತಾಟು ತೋರಿಸಿದೆ.

ಸೆಪ್ಟೆಂಬರ್ ೯, ಮಂಗಳವಾರ

ಇಂದು ನಾನೂ ಹೋದೆ, ಕುಳಗಿ ರಸ್ತೆಯವರೆಗೆ ಆಟೋದಲ್ಲಿ, ಮುಂದೆ ನಡೆದು. ದೋಣಿಯನ್ನು ದಂಡೆಯ ಮತ್ತಿ ಮರಕ್ಕೆ ಕಟ್ಟಿಯೇ ಎಂಜಿನ್ ಓಡಿಸಿದರು. ನಾನು ದಂಡೆಯಲ್ಲಿ ಕೂತೆ.

ಮೊದಲು ಚೆನ್ನಾಗಿತ್ತು. ಆಮೇಲೆ ಸದ್ದು ಬದಲಾಯಿತು. ಹಿಟ್ಟಿನ ಗಿರಣಿಯಲ್ಲಿ ಮೇಲಿನ ಬುಟ್ಟಿಯ ಜೋಳ ತೀರುತ್ತ ಬಂದಾಗ ಕಲ್ಲು ಒಮ್ಮೆ ಕಾಳು ಸಿಕ್ಕು ಒಮ್ಮೆ ಸಿಗದೆ ತಿರುಗುತ್ತದಲ್ಲ, ಹಾಗೆ. ಕೊನೆಗೆ ಬರಿಗಲ್ಲಿನ ಸದ್ದು, ಆಮೇಲೆ ಅದೂ ಇಲ್ಲ.

ಇದಕ್ಕೆ ಮಿಲ್ಲಿನವರ ಕೈಯಲ್ಲಿ ಗುರುತಿಲ್ಲ. ಬೆರಳು ಉದುರಿಸಿದೆ, ಸಾಲಲಿಲ್ಲ. ದೋಣಿಯ ಅಂಚನ್ನು ಬೆರಳಿನಿಂದ ಬಡಿದೆ. ಸರಿಯಾಗಿ ಓಡುವಾಗಿನದು ಹೀಗೆ, ಆಮೇಲೆ ಹೀಗೆ, ನಿಲ್ಲುವ ಮುಂಚೆ ಹೀಗೆ. ಅವರು ಅಲ್ಲೇ ಅಂಗೈ ಇಟ್ಟರು. ಇನ್ನೊಮ್ಮೆ ಬಡಿ ಎಂದು ಕೈಯಲ್ಲಿ ಹೇಳಿದರು. ಬಡಿದೆ. ತುಂಬ ಹೊತ್ತು ಹಾಗೇ ಇಬ್ಬರೂ ಕೂತಿದ್ದೆವು.

ಸೆಪ್ಟೆಂಬರ್ ೧೨, ಶುಕ್ರವಾರ

ಸಚಿನ ಬಂದು ಕಾರ್ಬೊರೇಟರ್ ಬಿಚ್ಚಿ ಸಾಫ್ ಮಾಡಿದ. ಪ್ಲಗ್ ಬದಲಿಸಿದ. ಚೆನ್ನಾಗಿ ಓಡಿತು.

ಸೆಪ್ಟೆಂಬರ್ ೧೪, ಭಾನುವಾರ

ಮತ್ತೆ ಬರಿಗಲ್ಲು.

ಸೆಪ್ಟೆಂಬರ್ ೧೮, ಗುರುವಾರ

ಸಚಿನ ಮತ್ತೆ ಸಾಫ್ ಮಾಡಿದ. ಪೆಟ್ರೋಲ್ ಸರಿ ಇಲ್ಲ ಎಂದ. ಬೇರೆ ಪಂಪಿನದು ತಂದರು, ಫೆಲ್ಟನ್ನು ಎರಡು ಪದರ ಮಾಡಿ ಸೋಸಿದರು. ಮೊದಲಿಗಿಂತ ಬೇಗ ನಿಂತಿತು. "ದೋಣಿಗಿ ಯಾರದರ ದೃಷ್ಟಿ ಆಗಿರಬೇಕ್ರೀ ಕಾಕೂ" ಎಂದ ಸಚಿನ. ಹುಡುಗಾಟಕ್ಕೆ ಹೇಳಿದ್ದಲ್ಲ.

ವಾಚನಾಲಯದವರು ಪುಸ್ತಕಕ್ಕೆ ಹೇಳಿಕಳಿಸಿದ್ದಾರೆ.

ಸೆಪ್ಟೆಂಬರ್ ೨೧, ಭಾನುವಾರ

ಸಿಕ್ಕಿತು.

ಬೆಳಿಗ್ಗೆ ವಾಚನಾಲಯಕ್ಕೆ ಹೋಗಲೆಂದು ಕರಿ ಸೀರೆ ಉಟ್ಟೆ. ಎಂದಿನಂತೆ ಮೈತುಂಬ ಫೆಲ್ಟಿನ ಜುಂಗು. ಕೊಡವುತ್ತ ನಿಂತವಳಿಗೆ ಹೊಳೆಯಿತು: ಒಂದು ಪದರಕ್ಕಿಂತ ಎರಡು ಪದರದಲ್ಲಿ ಸೋಸಿದಾಗ ಬೇಗ ನಿಂತಿದೆ. ಪುಸ್ತಕ ಅಲ್ಲೇ ಬಿಟ್ಟು ಹೊಳೆಗೆ ಹೋದೆ. ಇವರಿಂದ ಕಾರ್ಬೊರೇಟರ್ ಬಿಚ್ಚಿಸಿದೆ. ಪೆಟ್ರೋಲ್ ಹೋಗುವ ಕೂದಲೆಳೆಯ ತೂತನ್ನು ಸೂಜಿಯಿಂದ ಕೆದಕಿ, ಬಂದದ್ದನ್ನು ಸೆರಗಿನ ಮೇಲೆ ಇಟ್ಟೆ. ಅದರ ಪಕ್ಕದಲ್ಲೇ ಸೀರೆಗೆ ಮೊದಲೇ ಅಂಟಿದ್ದ ಜುಂಗು. ಎರಡೂ ಒಂದೇ.

ಇವರಿಗೆ ಸಿಟ್ಟು ಬಂತು. "ಆಯುಷ್ಯ ಎಲ್ಲಾ ಈ ಫೆಲ್ಟಿನ ಮ್ಯಾಲ ಕಾಗದ ಓಡಿಸೇನಿ. ಇದರ ಮ್ಯಾಲ ತಪ್ಪ ಹೊರಸಬ್ಯಾಡ" ಎಂದು ಕೂಗಿದರು. ಅಕ್ಕಪಕ್ಕದ ದೋಣಿಯವರು ತಿರುಗಿ ನೋಡಿದರು. ಕಾಗದಕ್ಕೆ ಒಳ್ಳೆಯದು, ಪೆಟ್ರೋಲಿಗೆ ಅಲ್ಲ ಎಂದು ನಾನು ಕೈಯಲ್ಲೇ ಹೇಳಿದೆ. ನನ್ನ ಕೈಯನ್ನು ಹಿಡಿದು ನಿಲ್ಲಿಸಿದರು. ಬಿಡಿಸಿಕೊಂಡು ಮತ್ತೆ ಹೇಳಿದೆ. ಕೈಯಲ್ಲೂ ಜಗಳ ಆಡಬಹುದು.

ಸಂಜೆ ಅಡುಗೆಮನೆಗೆ ಬಂದು, ನನ್ನತ್ತ ನೋಡದೆ, ಚಹಾ ಸೋಸುವ ಸ್ಟೀಲಿನ ಜಾಲರಿ ತೆಗೆದುಕೊಂಡು ಹೋದರು. ಇವತ್ತಿನ ಚಹಾ ಬಟ್ಟೆಯಲ್ಲಿ ಸೋಸಿದೆ.

ಸೆಪ್ಟೆಂಬರ್ ೨೫, ಗುರುವಾರ

ನಿಲ್ಲಲಿಲ್ಲ. ಆಚೆ ದಂಡೆಯವರೆಗೆ ಹೋಗಿ ಬಂದರು. ಬರಿಗಲ್ಲಿನ ಸದ್ದಿಗೆ ಕಿವಿಗೊಟ್ಟು ದಂಡೆಯ ಮೇಲೆ ಕೂತಿದ್ದೆ. ಬರಲೇ ಇಲ್ಲ.

ಅಕ್ಟೋಬರ್ ೧, ಬುಧವಾರ

ಖಂಡೇ ಪೂಜೆ, ಆಯುಧಗಳ ಹಬ್ಬ. ಮಿಲ್ಲಿನಲ್ಲಿದ್ದಾಗ ಮಷಿನ್ನಿಗೆ ಮಾಡುತ್ತಿದ್ದರು, ಈ ವರ್ಷ ಎಂಜಿನ್ನಿಗೆ. ಚೆಂಡುಹೂವಿನ ಮಾಲೆ ನಾನು ಕಟ್ಟಿದೆ. ತೂತುಗಳ ಹತ್ತಿರ ಹೂವೂ ಬೇಡ ಅರಿಶಿನದ ಭಂಡಾರವೂ ಬೇಡ ಅಂದೆ. ಮಿಲ್ಲಿನವರ ಕೈಯಲ್ಲಿ ಗುರುತಿಲ್ಲದ್ದಕ್ಕೆ ಈಗ ನಾವೇ ಗುರುತು ಮಾಡಿಕೊಳ್ಳುತ್ತೇವೆ. ಈಗ ನಿನ್ನ ಕೇಳಿಯೇ ದೇವರಿಗೆ ಕೈಮುಗಿಯಬೇಕಾಯಿತು ಅಂದರು.

ಅಕ್ಟೋಬರ್ ೧೧, ಶನಿವಾರ

ನಾಳೆ ಪರೀಕ್ಷೆ. ಇವರು ಹೊಳೆಯ ನಡುವೆ ಎಂಜಿನ್ ಓಡಿಸಿಕೊಂಡು ಮೇಲಕ್ಕೆ ಹೋಗುತ್ತಿರಬೇಕು. ಬೆನ್ನ ಹಿಂದೆ, ದಂಡೆಯ ಮೇಲೆ, ಮುದಕಪ್ಪನವರು ಲಾರಿಯ ಹಾರ್ನನ್ನು ಬ್ಯಾಟರಿಗೆ ಜೋಡಿಸಿ ಬಾರಿಸುತ್ತಾರೆ. ಕೇಳಿದರೆ ದೋಣಿ ತಿರುಗಿಸಿಕೊಂಡು ಬರಬೇಕು.

ಊಟ ಆದ ಮೇಲೆ ಇವರು ಅಂದರು: ಮೇಲುಗಡೆ ಆನೆಯ ಬೆನ್ನಿನಂಥ ಬಂಡೆ ಇದೆಯಲ್ಲ, ನೀನು ಅದರ ಮೇಲೆ ನಿಂತಿರು. ನನಗೆ ಎದುರಿಗೇ ಕಾಣುತ್ತೀ. ಹಾರ್ನ್ ಆದ ಕೂಡಲೇ ಕೈ ಎತ್ತು. ಹೆಂಡತಿ ಬಂಡೆಯ ಮೇಲೆ ನಿಂತರೆ ಯಾರು ಏನು ಅಂದಾರು?

ಪಾತ್ರೆ ತೊಳೆಯಲು ಹೋದೆ.

ಅಕ್ಟೋಬರ್ ೧೨, ಭಾನುವಾರ

ಬಂಡೆಯ ಮೇಲೆ ನಿಂತೆ. ಬಿಸಿಲು ಚೆನ್ನಾಗಿತ್ತು. ದೋಣಿ ಸರಾಗವಾಗಿ ಬಂತು. ನಮ್ಮ ಎಂಜಿನ್ನಿನ ಸದ್ದು ಅಷ್ಟು ಚೆನ್ನಾಗಿ ನಾನು ಎಂದೂ ಕೇಳಿರಲಿಲ್ಲ.

ಹಾರ್ನ್ ಆಯಿತು. ಆಚೆ ದಂಡೆಯ ಕೊಕ್ಕರೆಗಳು ಎದ್ದವು.

ಅವರು ನನ್ನನ್ನೇ ನೋಡುತ್ತಿದ್ದರು. ನನ್ನ ಎರಡೂ ಕೈ ಸೆರಗಿನೊಳಗಿದ್ದವು. ಎರಡನೆಯ ಸಲ ಹಾರ್ನ್ ಆಯಿತು. ಅವರಿಗೆ ತಿಳಿದಿರಬೇಕು, ಕೊಕ್ಕರೆ ಕಂಡಿರಬೇಕು, ಅಥವಾ ನನ್ನ ಮುಖ. ಹುಬ್ಬು ಎತ್ತಿ ಕೇಳಿದರು. ಮೂರನೆಯ ಸಲ ಮುದಕಪ್ಪನವರು ಬಿಡದೆ ಬಾರಿಸಿದರು. ನನ್ನ ಬೆರಳುಗಳು ಒಂದನ್ನೊಂದು ಹಿಡಿದುಕೊಂಡಿದ್ದವು. ದೋಣಿ ಬಂಡೆಯನ್ನು ದಾಟಿ ಮೇಲಕ್ಕೆ ಹೋಯಿತು. ದಾಟುವಾಗ ಅವರು ನನ್ನನ್ನು ನೋಡಲಿಲ್ಲ.

ಮರಳಿದ ಮೇಲೆ ಮುದಕಪ್ಪನವರು ಇವರ ಹೆಗಲ ಮೇಲೆ ಕೈಯಿಟ್ಟು, ಒಬ್ಬನೇ ಹೋಗುವುದಕ್ಕೆ ಆಗುವುದಿಲ್ಲ, ಕಿವಿ ಇದ್ದವರೊಬ್ಬರು ಜೊತೆಗಿದ್ದರೆ ಇಬ್ಬರ ಹೆಸರಲ್ಲೂ ಪರವಾನಗಿ ಬರೆದುಕೊಡುತ್ತೇನೆ ಎಂದು ದೊಡ್ಡ ದನಿಯಲ್ಲಿ ಹೇಳಿದರು. ಕೇಳಿಸಿತೋ ಇಲ್ಲವೋ. ದೋಣಿ ಕಟ್ಟಿ, ನನ್ನನ್ನು ಬಿಟ್ಟು ನಡೆದು ಹೋದರು. ನಾನು ಆಟೋದಲ್ಲಿ ಬಂದೆ.

ಅಕ್ಟೋಬರ್ ೧೩

ಕೈ ಕಟ್ಟಿಕೊಂಡೇ ಕೂತಿದ್ದಾರೆ. ಊಟ ಅರ್ಧ.

ಅಕ್ಟೋಬರ್ ೧೪

ಪುಸ್ತಕ ತೆಗೆದೆ. ಅದೇ ಪುಟ.

ಅಕ್ಟೋಬರ್ ೧೫

ಈ ಮನೆ ಇಷ್ಟು ಮೌನವಾಗಿ ಎಂದೂ ಇರಲಿಲ್ಲ. ಸುಮಿತಾ ಹಳಿಯಾಳದಿಂದ ಫೋನ್ ಮಾಡಿದ್ದಳು. ಅಪ್ಪ ಮಾತು ಬಿಟ್ಟಿದ್ದಾರೆ ಎಂದರೆ, "ಮೊದಲ ಎಲ್ಲಿ ಆಡತಿದ್ರವ್ವಾ?" ಎಂದಳು.

ಅಕ್ಟೋಬರ್ ೧೬, ಗುರುವಾರ

ಬೆಳಿಗ್ಗೆ ಚಹಾ ಕೊಟ್ಟಾಗ ಬಾಯಿಬಿಟ್ಟು, ಓಣಿಗೆಲ್ಲ ಕೇಳುವ ಹಾಗೆ ಕೇಳಿದರು.

"ಯಾಕ ಕೈ ಎತ್ತಲಿಲ್ಲ?"

"ನಾಳೆ ಖರೇ ಸೈರನ್ ಆದಾಗ ಬಂಡೆ ಮ್ಯಾಲ ನಾ ಇರೂದಿಲ್ಲಲ್ರೀ" ಅಂದೆ, ಕೈಯಲ್ಲಿ.

ಚಹಾ ಕುಡಿದು ಬಟ್ಟಲು ನೆಲಕ್ಕಿಟ್ಟರು.

"ಮತ್ತ ಎಲ್ಲಿರ್ತಿ?"

ಖಾಲಿ ಬಟ್ಟಲು ಒಳಗೆ ಒಯ್ದೆ. ನೀರಿನ ಮೇಲೆ ಕಾಲಿಟ್ಟವಳಲ್ಲ ನಾನು.

ಅಕ್ಟೋಬರ್ ೧೮, ಶನಿವಾರ

ದೋಣಿಯ ನಡುವೆ ಒಂದು ಅಡ್ಡ ಹಲಗೆ ಬಂದಿದೆ. ಹಲಗೆಯ ಮೇಲೆ ಫೆಲ್ಟನ್ನು ನಾಲ್ಕು ಪದರ ಮಡಚಿ ದಬ್ಬಣದಿಂದ ಹೊಲಿದಿದ್ದಾರೆ. ಅಲ್ಲಿ ಕೂತವರ ಬೆನ್ನು ದೋಣಿಯ ಮೂತಿಗೆ, ಮುಖ ಎಂಜಿನ್ ಹಿಡಿದವರ ಕಡೆಗೆ ಇರುವ ಹಾಗೆ ಒರಗು ಕೂಡಿಸಿದ್ದಾರೆ. ಹೊಲಿಗೆ ಕೆಟ್ಟದಾಗಿದೆ. ಮತ್ತೆ ಹೊಲಿದೆ.

ಸಂಘದವರು ಇಬ್ಬರ ಹೆಸರಿನ ಪರವಾನಗಿಯ ಜೊತೆಗೆ ನೀರಿನಲ್ಲಿ ತೇಲಿಸುವ ಕಿತ್ತಳೆ ಬಣ್ಣದ ಜಾಕೀಟು ಕೊಟ್ಟರು. ಸೀರೆಯ ಮೇಲೆ ಹಾಕಿಕೊಂಡೆ. ಸಚಿನ ಬೆನ್ನು ತಿರುಗಿಸಿ ನಕ್ಕ. ದೋಣಿಯ ಅಂಚು ಹಿಡಿದೇ ಕೂತಿದ್ದೆ. ಅಂಚು ಬಿಡು ಅಂದರು. ಬಿಡುವುದಿಲ್ಲ ಅನ್ನಬೇಕಾದರೂ ಬಿಡಲೇಬೇಕಾಯಿತು.

ಅಕ್ಟೋಬರ್ ೨೧, ಮಂಗಳವಾರ

ವಾಚನಾಲಯಕ್ಕೆ ಪುಸ್ತಕ ಮರಳಿಸಿದೆ. ಮುಗಿಯಿತೇ ಎಂದು ಕೇಳಿದರು. ಆ ಗಂಡ ಹೆಂಡತಿಯ ಊಟ ಇನ್ನೂ ನಡೆದಿದೆ ಎಂದೆ.

ಅಕ್ಟೋಬರ್ ೨೨, ಬುಧವಾರ

ದೀಪಾವಳಿಗೆ ಸುಮಿತಾ ಬಂದಿದ್ದಾಳೆ. ನಮ್ಮ ದೋಣಿ ನೋಡಬೇಕೆಂದು ಹೊಳೆಗೂ ಬಂದಳು. ಅವಳನ್ನು ದಂಡೆಯಲ್ಲಿ ಬಿಟ್ಟು ಬಲೆ ಬಿಡಲು ಹೋದೆವು.

ಹಲಗೆಯ ಮೇಲೆ ಕೂತೆ. ಈಗ ಅಂಚು ಹಿಡಿಯುವುದಿಲ್ಲ, ಕೈಗೆ ಬಿಡುವಿಲ್ಲ. ಬಲೆ ಜಂಬೆ ಮರದ ಕೆಳಗೆ ಬಿಡೋಣ ಅಂದೆ. ಅಲ್ಲಿ ಬೇರು ಇವೆ, ಹರಿಯುತ್ತದೆ ಅಂದರು. ನಿನ್ನೆ ಬೇರು ಇಲ್ಲದ ಕಡೆ ಬಿಟ್ಟು ಏನು ಸಿಕ್ಕಿತು ಅಂದೆ. ಮೂರು ದಿನದಲ್ಲಿ ಮೀನುಗಾರ್ತಿ ಆದಳು ಅಂದರು. ಸುಮಿತಾ ಸೊರಗಿದ್ದಾಳೆ, ನಾಳೆ ಹೋಳಿಗೆ ಮಾಡುತ್ತೇನೆ ಅಂದೆ. ಮಾಡು, ಆದರೆ ತುಪ್ಪ ಕೈ ಬಿಚ್ಚಿ ಹಾಕು ಅಂದರು. ಕೊನೆಗೆ ಜಂಬೆ ಮರದ ಕೆಳಗೇ ಬಲೆ ಬಿಡತೊಡಗಿದೆವು.

ಅರ್ಧ ಬಿಟ್ಟಿರಲಿಲ್ಲ, ಸೈರನ್ ಆಯಿತು. ದೂರದಿಂದ, ಹಸುವೊಂದು ಎದ್ದು ಕೂಗಿದ ಹಾಗೆ. ಕೈ ಎತ್ತಿದೆ. ಅವರು ಏಕೆ ಎಂದು ಕೇಳಲಿಲ್ಲ. ಬಲೆ ಎಳೆದು ಒಳಗೆ ಹಾಕಿ ದೋಣಿ ತಿರುಗಿಸಿದರು. ಎಂಜಿನ್ ಒಂದು ಸಲವೂ ತಡವರಿಸಲಿಲ್ಲ. ದಂಡೆಗೆ ಬಂದು ಮತ್ತಿ ಮರಕ್ಕೆ ದೋಣಿ ಕಟ್ಟಿದ ಮೇಲೆ ಆನೆಯ ಬೆನ್ನಿನಂಥ ಬಂಡೆ ಮುಳುಗಿದ್ದನ್ನು ಮೂವರೂ ನಿಂತು ನೋಡಿದೆವು.

ಜಾಕೀಟು ಬಿಚ್ಚುತ್ತಿದ್ದಾಗ ಸುಮಿತಾ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದಳು.

"ಅವ್ವಾ, ಅಷ್ಟ ದೂರ ಹೋಗಿ ಬಂದ್ರಿ, ಒಬ್ಬರಿಗೊಬ್ಬರು ಒಂದ ಮಾತೂ ಆಡಲಿಲ್ಲಲ್ಲಾ. ಇನ್ನೂ ಸಿಟ್ಟೈತೇನ ಇಬ್ಬರಿಗೂ?"

ಅವಳು ಹಾಗೇಕೆ ಕೇಳಿದಳೋ ತಿಳಿಯಲಿಲ್ಲ. ದಾರಿಯುದ್ದಕ್ಕೂ ಮಾತೇ ಆಡಿದ್ದೆವು. ದಂಡೆಯಲ್ಲಿ ನಿಂತವಳಿಗೆ ಕೇಳಿಸಿರಲಿಕ್ಕಿಲ್ಲ. ಎಂಜಿನ್ನಿನ ಸದ್ದು ಜೋರಿರುತ್ತದೆ.